ಬಿಚ್ಚಿ ತಂದ ಹೊಲಿಗೆ

"ಮಾಸ್ಟ್ರೇ, ಈ ಗೌನು ಯಾರದ್ದು?"

ಆಸ್ಪತ್ರೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವಳ ದನಿ ತಣ್ಣಗಿತ್ತು. ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಆ ದನಿಯ ಪರಿಚಯ ಚೆನ್ನಾಗಿಯೇ ಇತ್ತು. ನೀರು ತರುವ ನೆಪ ಹೇಳಿ ಮೆಲ್ಲಗೆ ಜಾಗ ಖಾಲಿ ಮಾಡಿದಳು.

"ಗಿರಾಕಿಯದ್ದು..." ಎಂದ ಅವನು.

"ಯಾವ ಗಿರಾಕಿ?"

"ಅದೇ... ಆ ಟೀಚರ್..."

ಹೊಲಿಯಲೆಂದು ಅವನು ಆಗಷ್ಟೇ ತಂದುಕೊಟ್ಟ ನೀಲಿ ಸ್ಯಾಟಿನ್ ಗೌನಿನ ಅಂಚನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಸೂಜಿ ಚುಚ್ಚಿದ ಸಣ್ಣ ಸಣ್ಣ ತೂತುಗಳು! ಯಾರೋ ಹೊಲಿದು, ಇನ್ಯಾರೋ ಬಿಚ್ಚಿದ ಗುರುತು. ತೂತುಗಳೆಲ್ಲ ಎಡಕ್ಕೆ ವಾಲಿದ್ದವು. ಅವರಿಬ್ಬರೂ ದುಡಿಯುತ್ತಿದ್ದ ಅಂಗಡಿಯಲ್ಲಿ ಎಡಗೈಯಲ್ಲಿ ಹೊಲಿಯುವವಳು ಅವಳೊಬ್ಬಳೇ.

'ಇದನ್ನು ನಾನು ಹೋದ ತಿಂಗಳೇ ಹೊಲಿದು ಕೊಟ್ಟಿದ್ದೆನಲ್ಲ...'

ಟೈಲರ್ ಅಂಗಡಿಯಲ್ಲಿ ಅವನು ಕಟಿಂಗ್ ಮಾಸ್ಟರ್, ಅವಳದು ಕೈಹೊಲಿಗೆ. ಅಂಚು ಮಡಚಿ ಹೊಲಿಯುವ ಹೆಮ್ಮಿಂಗ್, ಗುಂಡಿ, ಕೊಕ್ಕೆ ಎಲ್ಲ ಅವಳದೇ. ಚುರುಕು ನಾಲಿಗೆಯವಳೆಂದು ಎಲ್ಲರೂ ಅವಳನ್ನು 'ಸೂಜಿ' ಎಂದೇ ಕರೆಯುತ್ತಿದ್ದರು. ಲೈನಿಂಗ್ ಬಟ್ಟೆ ತೆಗೆಯಲು ಅಟ್ಟ ಹತ್ತಿದವಳು ಏಣಿ ಜಾರಿ ಬಿದ್ದಿದ್ದಳು. ಕಾಲಿನ ಹರಡು ಮುರಿದು, ಪ್ಲೇಟು, ಸ್ಕ್ರೂ ಎಲ್ಲ ಕೂತವು. ಈಗ ಮೂಳೆ ಕೂಡಿಕೊಂಡಿತ್ತು. ಆದರೆ ಚಪ್ಪಲಿ ಹಾಕಿದರೆ ಸಾಕು, ಒಳಗಿನ ಪ್ಲೇಟು ಒತ್ತಿ ಜೀವ ಹಿಂಡುತ್ತಿತ್ತು. ಅದನ್ನು ತೆಗೆಸಿಬಿಟ್ಟರೆ ಮತ್ತೆ ಅಂಗಡಿಗೆ ಹೋಗಬಹುದೆಂದೇ ಅವಳು ಬಂದಿದ್ದು.

ಇಷ್ಟು ತಿಂಗಳೂ ಅವನು ಸಂಜೆಯಾದರೆ ಬಟ್ಟೆಯ ಚೀಲ ಹಿಡಿದು ಮನೆ ಬಾಗಿಲಲ್ಲಿ ಹಾಜರ್. "ಹೆಮ್ಮಿಂಗ್ ನೀವೇ ಮಾಡ್ಬೇಕಂತೆ, ಗಿರಾಕಿ ಬೇರೆ ಯಾರ ಕೈಗೂ ಕೊಡಬೇಡಿ ಅಂದಿದ್ದಾರೆ," ಎನ್ನುತ್ತಿದ್ದ. ಆ ಮಾತು ಕೇಳಿ ಅವಳು ಕಾಲಿನ ನೋವನ್ನೇ ಮರೆಯುತ್ತಿದ್ದಳು. ಪ್ರೀತಿ ಗೀತಿ ಅಂತ ಯಾರೂ ಬಾಯಿ ಬಿಟ್ಟಿರಲಿಲ್ಲ, ಬಿಡಿ. ಆದರೆ ದಾರದ ಬಣ್ಣ ಆರಿಸಲು ಇಬ್ಬರಿಗೂ ಅಷ್ಟು ಹೊತ್ತು ಯಾಕೆ ಬೇಕೆಂದು ಚಿಕ್ಕಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನಿಜ ಹೇಳಿ. ಬಿಚ್ಚಿದ್ದು ಯಾರು?"

ಅವನು ತಲೆ ತಗ್ಗಿಸಿದ. "ನಾನೇ..."

"ಯಾಕೆ?"

"ಮಾಲೀಕರು ಹೆಮ್ಮಿಂಗ್ ಮಿಷನ್ ತಂದ್ರು. ನೀವು ಬಿದ್ದ ಮುಂದಿನ ತಿಂಗಳೇ. ಕೈಹೊಲಿಗೆ ಕೆಲಸ ನಿಂತೋಯ್ತು. ನಿಮ್ಮ ಜಾಗದಲ್ಲಿ ಈಗ ಆ ಮಿಷನ್ ಇದೆ."

"ಅಂದ್ರೆ... ನಾನು ಹೊಲಿದದ್ದೆಲ್ಲ?"

"ಮೊದಮೊದಲು ನಿಜವಾದ ಬಟ್ಟೆ. ಆಮೇಲೆ... ಗಿರಾಕಿಗಳು ಒಯ್ಯದೆ ಅಂಗಡೀಲಿ ಉಳಿದ ಬಟ್ಟೇನೇ ಬಿಚ್ಚಿ ಬಿಚ್ಚಿ ತಂದೆ."

ಅವಳ ಕಣ್ಣು ತುಂಬಿತು. 'ಬೆನ್ನು ನೋಯುವಷ್ಟು ಬಗ್ಗಿ ಹೊಲಿದೆನಲ್ಲ! ಯಾರೋ ಇದನ್ನು ತೊಟ್ಟು ಸಂಭ್ರಮಿಸುತ್ತಾರೆ ಅಂದುಕೊಂಡಿದ್ದೆನಲ್ಲ! ಅಳುವ ಮಗುವಿಗೆ ಆಟದ ಸಾಮಾನು ಕೊಟ್ಟ ಹಾಗೆ ನನಗೆ ಕೆಲಸ ಕೊಟ್ಟನೇ?'

"ಮುರಿದದ್ದು ನನ್ನ ಕಾಲು, ಮಾಸ್ಟ್ರೇ. ಬುದ್ಧಿಯಲ್ಲ. ಕೆಲಸ ಹೋಯ್ತು ಅಂದಿದ್ರೆ ಒಂದು ದಿನ ಅಳ್ತಿದ್ದೆ, ಮಾರನೇ ದಿನ ಬೇರೆ ದಾರಿ ನೋಡ್ತಿದ್ದೆ. ಆ ದಾರೀನೂ ಮುಚ್ಚಿಬಿಟ್ರಿ! ಹೋಗಿ... ನನ್ನ ಕಣ್ಣೆದುರು ನಿಲ್ಲಬೇಡಿ!"

ಅವನು ಹೋದ. ನೀಲಿ ಗೌನು ಅವಳ ಮಡಿಲಲ್ಲೇ ಉಳಿಯಿತು.

ಆಪರೇಷನ್ ಕೋಣೆಯಲ್ಲಿ ಸೊಂಟದ ಕೆಳಗೆ ಮರಗಟ್ಟಿಸಿದರು. ಹಸಿರು ಪರದೆಯ ಆಚೆ ಸ್ಕ್ರೂ ತಿರುಗಿಸುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಡಾಕ್ಟರಮ್ಮ ಪ್ರತಿಯೊಂದನ್ನೂ ಹೇಳಿಯೇ ಮಾಡುತ್ತಿದ್ದರು. "ಈಗ ಒಂಚೂರು ಎಳೆದ ಹಾಗಾಗುತ್ತೆ, ಹೆದರಬೇಡಿ... ಪ್ಲೇಟು ಬಂತು ನೋಡಿ!"

'ಹೇಳಿ ಮಾಡಿದರೆ ಎಷ್ಟು ಹಗುರ! ಅವನಿಗೆ ಅಷ್ಟೂ ತಿಳಿಯಲಿಲ್ಲವೇ...' ಕಣ್ಣೀರು ಕಿವಿಯತ್ತ ಇಳಿಯಿತು.

"ನೋವಾಗ್ತಿದೆಯಾ?" ನರ್ಸ್ ಬಗ್ಗಿ ಕೇಳಿದಳು.

"ಕಾಲಲ್ಲಲ್ಲ," ಎಂದಳು ಅವಳು.

ವಾರ್ಡಿಗೆ ಬಂದ ಮೇಲೆ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. "ಸ್ಕ್ರೂ ಇದ್ದ ಕಡೆ ಮೂಳೇಲಿ ತೂತು ಹಾಗೇ ಇದೆ. ನಿಧಾನಕ್ಕೆ ತಾನೇ ತುಂಬಿಕೊಳ್ಳುತ್ತೆ. ಅಲ್ಲೀವರೆಗೂ ಓಡೋದು, ಜಿಗಿಯೋದು ಬೇಡ."

ಅವರು ಹೋದ ಮೇಲೂ ಅವಳು ಎಕ್ಸ್‌ರೇಯನ್ನೇ ನೋಡುತ್ತಿದ್ದಳು. ಆಮೇಲೆ ಗೌನಿನ ಅಂಚನ್ನು ಬೆರಳಿನಿಂದ ಸವರಿದಳು.

"ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ ಕಣೇ. ಊಟಾನೂ ಮಾಡಿಲ್ಲ," ಎಂದಳು ಚಿಕ್ಕಮ್ಮ, ಗೋಡೆಗೆ ಹೇಳುವವಳಂತೆ.

ಅವಳು ಗೌನನ್ನು ಮಡಚಿ ಪಕ್ಕಕ್ಕಿಟ್ಟಳು. "...ಬರೋಕೆ ಹೇಳು."

ಅವನು ಬಂದು ಮಂಚದಿಂದ ದೂರವೇ ನಿಂತ. "ಕನಿಕರದಿಂದ ಮಾಡಿದ್ದಲ್ಲ. ಕೆಲಸ ಇಲ್ಲ ಅಂತ ಹೇಳಿದ್ರೆ, ಮಾರನೇ ದಿನ ನಿಮ್ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ? ನಿಮ್ಮನ್ನ ನೋಡದೆ ಇರೋಕಾಗ್ತಿರಲಿಲ್ಲ. ನನ್ನ ಸ್ವಾರ್ಥಕ್ಕೆ ಸುಳ್ಳು ಹೇಳಿದೆ. ನಿಮ್ಮನ್ನ ಪ್ರೀತಿಸ್ತೀನಿ... ತಪ್ಪಾಯ್ತು."

"ಬರಿಗೈಲಿ ಬಂದಿದ್ರೆ ಬಾಗಿಲು ಹಾಕಿಬಿಡ್ತಿದ್ನಾ?" ಅವಳು ಗೌನಿನ ಅಂಚನ್ನು ಎತ್ತಿ ಹಿಡಿದಳು. "ನನ್ನ ಹೊಲಿಗೆ ಬಿಚ್ಚೋಕೆ ಮನಸ್ಸಾದ್ರೂ ಹೇಗೆ ಬಂತು?"

"ಬರ್ತಿರಲಿಲ್ಲ. ಅದಕ್ಕೇ ಒಂದು ಗೌನು ಬಿಚ್ಚೋಕೆ ಇಡೀ ಮಧ್ಯಾಹ್ನ ಬೇಕಾಗ್ತಿತ್ತು."

ನಗಬಾರದೆಂದು ಅವಳು ಮುಖ ತಿರುಗಿಸಿದಳು. "ಹತ್ತಿ ಬಟ್ಟೆಯಾಗಿದ್ರೆ ಒಗೆದ ಮೇಲೆ ತೂತು ಮುಚ್ಚಿಕೊಳ್ತಿತ್ತು. ಸ್ಯಾಟಿನ್ ತಂದು ಸಿಕ್ಕಿಬಿದ್ರಲ್ಲ, ಎಂಥಾ ಮಾಸ್ಟ್ರು ನೀವು! ನೋಡಿ, ನಾನಿನ್ನು ಆ ಅಂಗಡಿಗೆ ಬರಲ್ಲ. ಮನೇಲೇ ಸ್ವಂತಕ್ಕೆ ಹೊಲೀತೀನಿ. ನಿಮ್ಮ ಮೇಲಿನ ಕೋಪಾನೂ ಇವತ್ತೇ ಹೋಗಲ್ಲ."

"ಕಾಯ್ತೀನಿ. ಬರಿಗೈಲಿ ಬಂದು ಕಾಯ್ತೀನಿ."

ಆಗ ಅವಳ ಕಣ್ಣು ಅವನ ಕಾಲಿನತ್ತ ಹೋಯಿತು. ಊರಿಗೆಲ್ಲ ಬಟ್ಟೆ ಕತ್ತರಿಸುವವನ ಪ್ಯಾಂಟಿನ ಅಂಚು ಬಿಚ್ಚಿ ನೆಲ ಗುಡಿಸುತ್ತಿತ್ತು.

"ಇದೇನಿದು? ಯಾವಾಗಿಂದ ಹೀಗಿದೆ?"

"ನೀವು ಬಿದ್ದಾಗಿಂದ. ಮಿಷನ್‌ಗೆ ಕೊಡೋಕೆ ಮನಸ್ಸು ಬರಲಿಲ್ಲ."

ಅವಳು ತಲೆದಿಂಬಿನ ಪಕ್ಕದ ಡಬ್ಬಿಯಿಂದ ಸೂಜಿ ತೆಗೆದಳು. "ಸ್ಟೂಲಿನ ಮೇಲೆ ಕಾಲಿಡಿ."

ಬ್ಯಾಂಡೇಜು ಸುತ್ತಿದ ಅವಳ ಕಾಲಿನ ಪಕ್ಕದಲ್ಲೇ ಅವನ ಕಾಲು ಬಂದು ಕೂತಿತು. ಅವಳ ಎಡಗೈ ಮೊದಲ ಹೊಲಿಗೆ ಹಾಕಿತು.

"ಇದಾದ್ರೂ ನಿಜವಾದ ಕೆಲಸ ತಾನೇ?"

"ನಿಜ."

"ಬಿಚ್ಚಿದ್ರೆ?"

"ಜೀವ ಇರೋವರೆಗೂ ಬಿಚ್ಚಲ್ಲ..."

"ಸುಮ್ನೆ ನಿಂತ್ಕೊಳ್ಳಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಅಲ್ಲಾಡಿದ್ರೆ ಚುಚ್ಚುತ್ತೆ."