ಹನ್ನೊಂದನೆಯ ಪುಟ

ಕ್ಲಬ್ಬಿನ ಇಪ್ಪತ್ತೈದನೆಯ ವರ್ಷದ ಊಟದ ದಿನ ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮ ಮೊದಲ ನಡಾವಳಿ ಪುಸ್ತಕದ ಹನ್ನೊಂದನೆಯ ಪುಟವನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದು ಗೊತ್ತಾಯಿತು. ಹತ್ತೂಕಾಲಿಗೆ ನಾನು ಒಬ್ಬ ನಿರಪರಾಧಿಯನ್ನು ಎಲ್ಲರೆದುರು ಕಳ್ಳ ಎಂದು ಕರೆದಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೆಂಟ್ ಸೀಮೆಯ ನಮ್ಮ ವೆಲ್ಡ್‌ಹರ್ಸ್ಟಿನಲ್ಲಿ ರಗ್ಬಿ ಎಂದರೆ ಹದಿನೈದು ಜನರ ಆಟ. ಹದಿಮೂರು ಜನರ ಲೀಗ್ ಆಟ ಉತ್ತರದ ಗಣಿಯವರದು ಎಂದು ಮೂಗು ಮುರಿಯುವವರೇ ಎಲ್ಲ. ಲೀಗ್ ಆಡಿ ಸಿಕ್ಕಿಬಿದ್ದವನನ್ನು ಹದಿನೈದರ ಕ್ಲಬ್ಬಿನವರು ಆಗೆಲ್ಲ ಜೀವನಪೂರ್ತಿ ಹೊರಗಿಡುತ್ತಿದ್ದರು. ಹಾಗಾಗಿ 1981ರಲ್ಲಿ ನಾವು ಲೀಗ್ ಕ್ಲಬ್ ಕಟ್ಟಿದಾಗ ಅರ್ಧ ತಂಡ ಶನಿವಾರ ಅಲ್ಲಿ ಸ್ವಂತ ಹೆಸರಲ್ಲಿ, ಭಾನುವಾರ ಇಲ್ಲಿ ಸುಳ್ಳು ಹೆಸರಲ್ಲಿ ಆಡುತ್ತಿತ್ತು. ಲೆನ್ ಓಸ್‌ಗುಡ್ ಎಂಬ ನಾನು ಆಗಲೂ ಕಾರ್ಯದರ್ಶಿ, ಈಗಲೂ ಕಾರ್ಯದರ್ಶಿ.

ಪುಸ್ತಕವಿದ್ದ ಗಾಜಿನ ಕಪಾಟಿನ ಬೀಗ ಹಾಕಿದಂತೆಯೇ ಇತ್ತು. ಹಿಂದಿನ ಸಂಜೆ ನಾನು ಪುಸ್ತಕದ ಮೇಲೆ ಹರಡಿದ್ದ ಮೊದಲ ವರ್ಷದ ಜರ್ಸಿ ಈಗ ಬೆನ್ನಿನ ಅಂಕಿ ಮೇಲೆ ಕಾಣುವಂತೆ ನೀಟಾಗಿ ಮಡಿಸಿತ್ತು. ಮುಂದಿನ ಹಾಳೆಗೆ ಅಂಟಿಸಿದ್ದ ಪತ್ರಿಕೆಯ ತುಣುಕನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. 'ಶಾಲೆಯ ಆಟದ ಮೇಷ್ಟ್ರು ಐವರ್ ಟ್ರಿಹಾರ್ನ್‌ಗೆ ಆಜೀವ ನಿಷೇಧ' ಎಂದಿತ್ತು ಅದರಲ್ಲಿ.

ಕಪಾಟಿನ ಕೀಲಿ ಮೂವರ ಬಳಿ ಇತ್ತು: ನಾನು, ಅಧ್ಯಕ್ಷ ರಾಯ್ ಸ್ಟರ್ಜೆಸ್, ಹತ್ತು ವರ್ಷದ ಹಿಂದೆ ಬಂದ ಮೈದಾನದ ಕಾವಲಿನ ಹಾಗ್ಬೆನ್. ಬೆಳಿಗ್ಗೆ ಎಂಟಕ್ಕೆ ನೋಡಿದಾಗ ಜರ್ಸಿ ಹರಡಿದಂತೆಯೇ ಇತ್ತು; ಆಮೇಲೆ ಹತ್ತರವರೆಗೆ ರಾಯ್ ಮತ್ತು ನಾನು ಒಂದೇ ವ್ಯಾನಿನಲ್ಲಿ ಬಿಯರ್ ಪೀಪಾಯಿ ಸಾಗಿಸುತ್ತಿದ್ದೆವು. ಉಳಿದವನು ಒಬ್ಬನೇ.

"ನೀನೇ ಕಳ್ಳ. ಊಟದ ಹೊತ್ತಿಗೆ ಪುಟ ತಂದುಕೊಡು. ಇಲ್ಲ ಅಂದ್ರೆ ಕೀಲಿಗೊಂಚಲು ಇಟ್ಟು ರೂಮು ಖಾಲಿ ಮಾಡು," ಎಂದೆ, ಕುರ್ಚಿ ಜೋಡಿಸುತ್ತಿದ್ದವರೆಲ್ಲ ಕೇಳುವಂತೆ.

ಬಟ್ಟೆ ಬದಲಿಸುವ ಕೋಣೆಯ ಮೇಲಿನ ಆ ರೂಮೇ ಅವನ ಮನೆ. ಹಾಗ್ಬೆನ್ ಮುಖ ಕೆಂಪಗಾಯಿತು. "ನಾನ್ಯಾಕೆ ತಗೊಳ್ಲಿ ಮಿಸ್ಟರ್ ಓಸ್‌ಗುಡ್? ಕುರ್ಚಿ ತರೋಕೆ ಅಂತ ಬಾಗಿಲು ಒಂದು ಗಂಟೆ ತೆಗೆದೇ ಇತ್ತು. ಯಾರು ಬೇಕಾದ್ರೂ ಬಂದಿರಬಹುದು."

"ಬಂದವರ ಹತ್ರ ಕೀಲಿ ಇತ್ತಾ?"

ಅವನು ತಲೆ ತಗ್ಗಿಸಿದ. ನಾನು ಗೆದ್ದೆ ಎಂದುಕೊಂಡೆ. ಹಿತ್ತಾಳೆ ಕಿವಿಯವರಾದರೂ ಇನ್ನೊಬ್ಬರ ಮಾತು ಕೇಳಿ ಕೆಡುತ್ತಾರೆ. ನಾನು ಕೆಟ್ಟದ್ದು ನನ್ನ ಬಾಯಿಂದಲೇ.

ಆಗ ಬಂದವಳು ಡೋರಿನ್ ಹೆಪ್ವರ್ತ್. ಯಾರ್ಕ್‌ಷೈರಿನಿಂದ ಮದುವೆಯಾಗಿ ಬಂದವಳು, ಕ್ಲಬ್ ಹುಟ್ಟಿದಾಗಿನಿಂದ ನಮ್ಮ ಜರ್ಸಿ ಒಗೆಯುವವಳು. ಯಾರ ಅಂಗಿಯಲ್ಲಿ ಯಾವ ಕಲೆ ಎಂದು ತಿಳಿದವಳಿಗೆ ಊರಿನ ಗುಟ್ಟೆಲ್ಲ ಗೊತ್ತು. ಊರಲ್ಲಿ ಏನು ಕಳೆದುಹೋದರೂ ಜನ ಪೊಲೀಸರಿಗಿಂತ ಮೊದಲು ಅವಳ ಅಡುಗೆಮನೆಗೆ ಹೋಗುತ್ತಿದ್ದರು. ಅವಳ ಜೊತೆಗೆ ಓಡಾಡುವುದು ನನ್ನ ಕೆಲಸ.

ಅವಳು ಕಪಾಟನ್ನು ನೋಡಿದಳು, ಜರ್ಸಿಯನ್ನು ನೋಡಿದಳು, ನೆಟ್ಟಗೆ ಬಾಯ್ಲರ್ ಕೋಣೆಗೆ ಹೋಗಿ ಬಂದಳು. "ಆ ಪುಟದಲ್ಲಿ ಏನಿತ್ತು ಲೆನ್?"

"ನೆನಪಿಲ್ಲ," ಎಂದೆ. ಚೆನ್ನಾಗಿಯೇ ನೆನಪಿತ್ತು. ಹಳೇ ಪುಸ್ತಕ, ಯಾರು ಮಗುಚಿ ಓದುತ್ತಾರೆ ಎಂಬ ಧೈರ್ಯದಿಂದ ಊಟದ ದಿನ ಎಲ್ಲರೂ ನೋಡಲೆಂದು ಮೇಜಿಗೆ ತೆಗೆದಿಡುವವನಿದ್ದೆ.

"ಹಂಗಾದ್ರೆ ಒಂದು ಗಂಟೆಗೆ ಎಲ್ಲರೂ ಸೇರಲಿ. ಹಾಗ್ಬೆನ್ನೂ ಇರ್ಲಿ."

ಒಂದಕ್ಕೆ ಸಭಾಂಗಣ ತುಂಬಿತ್ತು. ಹಳೇ ಆಟಗಾರರು, ಅವರ ಮೊಮ್ಮಕ್ಕಳು, ಮಟನ್ ಪೈ ವಾಸನೆ. ಗೌರವ ಸದಸ್ಯತ್ವ ಪಡೆಯಲು ಇಪ್ಪತ್ತನಾಲ್ಕು ವರ್ಷಗಳ ನಂತರ ವೇಲ್ಸಿನಿಂದ ಬಂದಿದ್ದ ನಮ್ಮ ಮೊದಲ ವರ್ಷದ ಆಟಗಾರ ಐವರ್ ಕಿಟಕಿಯ ಬಳಿ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಡೋರಿನ್ ಜರ್ಸಿ ಎತ್ತಿ ಹಿಡಿದಳು. "ಪುಸ್ತಕ ತೆಗೆಯೋಕೆ ಇದನ್ನ ಎತ್ತಿದೋನು ಅಭ್ಯಾಸಬಲದಿಂದ ಮಡಿಸಿಟ್ಟ. ಅಂಕಿ ಮೇಲೆ ಬರೋ ಹಾಗೆ. ಸುಳ್ಳು ಹೆಸರಿನ ಕಾಲದಲ್ಲಿ ನಾನೇ ಕಲಿಸಿದ್ದು. ಹೆಸರು ಹಿಡಿದು ಕೂಗೋ ಹಾಗಿರಲಿಲ್ಲ ನೋಡಿ, ಅಂಕಿ ನೋಡ್ಕೊಂಡು ತಗೋಬೇಕಿತ್ತು. ನಿಷೇಧ ಹೋದಮೇಲೆ ಎದೆ ಭಾಗ ಮೇಲೆ ಬರೋ ಹಾಗೆ ಮಡಿಸ್ತೀವಿ. ಹಾಗ್ಬೆನ್ ಬಂದಿದ್ದು ಆಮೇಲೆ. ಈ ಮಡಿಕೆ ಅವನು ಕಂಡೇ ಇಲ್ಲ."

"ಮತ್ತೆ ಕೀಲಿ?" ರಾಯ್ ಕೇಳಿದ.

"ಮೊದಲ ವರ್ಷ ಕೀಲಿ ಎಲ್ಲಿರ್ತಿತ್ತು ರಾಯ್? ಬಾಯ್ಲರ್ ಹಿಂದಿನ ಮೊಳೆಯಲ್ಲಿ. ಆಮೇಲೆ ಅದೇ ಬೀಗಕ್ಕೆ ಹೊಸ ಕೀಲಿ ಮಾಡಿಸಿ ಹಂಚಿಕೊಂಡ್ರಿ, ಹಳೇದನ್ನ ಮರೆತ್ರಿ. ಅದಿನ್ನೂ ಅಲ್ಲೇ ಇದೆ. ಜೇಡರಬಲೆ ಇವತ್ತು ಹರಿದಿದೆ. ಇಲ್ಲೇ ಇದ್ದೋರು ಮರೆತರು. ಆ ವರ್ಷವೇ ಊರು ಬಿಟ್ಟೋನಿಗೆ ಮಾತ್ರ ಕೀಲಿ ಇನ್ನೂ ಅಲ್ಲೇ."

ಡೋರಿನ್ ಪುಸ್ತಕ ತೆರೆದು ಪತ್ರಿಕೆಯ ತುಣುಕಿನ ಮೇಲೆ ಬೆರಳಿಟ್ಟಳು.

"ತನ್ನ ಮಾನ ಉಳಿಸ್ಕೊಳ್ಳೋ ಕಳ್ಳನಾಗಿದ್ರೆ ಆ ನಿಷೇಧದ ತುಣುಕು ಕೀಳ್ತಿದ್ದ. ಅದನ್ನ ಬಿಟ್ಟು ನಮ್ಮ ಮಾನ ಹೋಗೋ ಪುಟ ಮಾತ್ರ ಕಿತ್ತ. ಹೌದಲ್ವಾ ಐವರ್?"

ಐವರ್ ಕೋಟಿನ ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ಮೊದಲ ರೈಲಿಗೇ ಬಂದೆ. ಜನ ಸೇರೋ ಮುಂಚೆ ಒಬ್ಬನೇ ನೋಡ್ಬೇಕು ಅನ್ನಿಸ್ತು. ಓದಿದ ಮೇಲೆ... ಮೊಮ್ಮಕ್ಕಳು ಬರ್ತಾರೆ ಅಂದಿದ್ರಿ. ತಾತಂದಿರು ಹೀಗೆ ಅಂತ ಅವು ಯಾಕೆ ಓದ್ಬೇಕು?" ಅವನು ಹಾಗ್ಬೆನ್ ಕಡೆ ತಿರುಗಿದ. "ನಿಮ್ಮ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು."

ಡೋರಿನ್ ಹಾಳೆಯನ್ನು ನನ್ನ ಕೈಗಿಟ್ಟಳು. "ಓದು ಲೆನ್. ನಿನ್ನದೇ ಅಕ್ಷರ."

ಓದಿದೆ. ಐವರ್ ಹಣ ಪಡೆಯದೆ ಆಡಿದನೆಂದು ಅವನ ಶಾಲೆಗೆ ಒಂದು ಪತ್ರ ಬರೆಯಬೇಕೆಂಬ ಕೋರಿಕೆ. ಬರೆದರೆ ಅವನ ಕೆಲಸ ಉಳಿಯಬಹುದು. ಆದರೆ ಜೊತೆಗೆ ಆಡಿದ ಉಳಿದವರ ಹೆಸರೂ ಹೊರಬೀಳುತ್ತದೆ. ಬರೆಯಬಾರದೆಂದು ಏಳಕ್ಕೆ ಏಳೂ ಮತ. ಕೊನೆಯ ಹೆಸರು ನನ್ನದು. ರಾಯ್ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಒಂದು ಹುಡುಗಿ ತನ್ನ ತಾತನನ್ನೇ ನೋಡುತ್ತಿದ್ದಳು.

ನಾನು ಮೊದಲು ಹಾಗ್ಬೆನ್ ಬಳಿ ಹೋದೆ. ಅದು ಸುಲಭವಿತ್ತು. ಕೈ ಚಾಚಿ, "ಕ್ಷಮಿಸಪ್ಪಾ," ಎಂದೆ.

ಅವನು ಕೈ ಹಿಡಿಯಲಿಲ್ಲ. "ನಂದು ಬರೀ ಮೂರು ಗಂಟೆ ಮಿಸ್ಟರ್ ಓಸ್‌ಗುಡ್," ಎಂದ. "ಅವರದ್ದು ಇಪ್ಪತ್ತನಾಲ್ಕು ವರ್ಷ. ಮೊದಲು ಅಲ್ಲಿ ಹೋಗಿ, ಆಮೇಲೆ ನನ್ನ ಹತ್ರ ಬನ್ನಿ."

ಕಿಟಕಿಗೆ ಹತ್ತು ಹೆಜ್ಜೆ ಇದ್ದಿರಬಹುದು. ಎಲ್ಲರೂ ನೋಡುತ್ತಿದ್ದಂತೆ ನಡೆದೆ.