ಹನ್ನೆರಡು ಡೈವಿಂಗ್ ಮಾಸ್ಕ್‌ಗಳ ಕಳವು

ಮಂಗಳವಾರ ಬೆಳಗ್ಗೆ 7.10ಕ್ಕೆ ಡೈವಿಂಗ್ ಶಾಲೆಯ ಟೀಚರಮ್ಮ ಠಾಣೆಗೆ ಬಂದು ದೂರು ಕೊಟ್ಟಳು. ನಿನ್ನೆ ಸಂಜೆ ಬೀಗ ಹಾಕುವಾಗ ಇದ್ದ ಹನ್ನೆರಡು ಮಾಸ್ಕ್ ಈಗಿಲ್ಲ. ಒಂಬತ್ತಕ್ಕೆ ಹೊಸ ಬ್ಯಾಚು ಸಮುದ್ರಕ್ಕಿಳಿಯಬೇಕು. ಇನ್ಸ್‌ಪೆಕ್ಟರ್‌ಗೆ ಆಗಷ್ಟೇ ಕಾಫಿ ಬಂದಿತ್ತು. ಕಳ್ಳರಿಗೂ ಹೊತ್ತುಗೊತ್ತು ಬೇಡವೇ ಎಂದು ಗೊಣಗುತ್ತಲೇ ಎಫ್‌ಐಆರ್ ಬರೆಸಿ ಹೊರಟರು.

7.45ಕ್ಕೆ ಪಂಚನಾಮೆ. ಬೀಗ ಮುರಿದಿಲ್ಲ. ಕ್ಯಾಮೆರಾ, ಕಂಪ್ಯೂಟರ್ ಇದ್ದಲ್ಲೇ ಇವೆ. ಮಾಸ್ಕ್ ಇಡುವ ಹಲಗೆಯ ಮೇಲೆ ನೀರು ತುಂಬಿದ ದೊಡ್ಡ ಕೆಟಲ್, ಪಕ್ಕದಲ್ಲೊಂದು ಥರ್ಮಾಮೀಟರ್.

"ಕಳ್ಳ ಟೀ ಕಾಸ್ಕೊಂಡು, ಜ್ವರಾನೂ ನೋಡ್ಕೊಂಡು ಹೋಗಿದ್ದಾನೆ ಸಾರ್," ಎಂದ ಕಾನ್‌ಸ್ಟೆಬಲ್.

"ತಲೆಹರಟೆ ಸಾಕು, ಬರ್ಕೋ." ಇನ್ಸ್‌ಪೆಕ್ಟರ್ ಟೀಚರ್ ಕಡೆ ತಿರುಗಿದರು. "ಕೆಟಲ್ ಯಾರ್ದಮ್ಮ?"

ಅವಳ ಮುಖ ಕೆಂಪಾಯಿತು. "ನಮ್ಮಪ್ಪಂದು."

"ಬೀಗದ ಕೈ?"

"ಅವರ ಹತ್ರಾನೂ ಒಂದಿದೆ."

"ಕೆಟಲು, ಥರ್ಮಾಮೀಟರು ಯಾಕೆ?"

"ಕಲ್ಲಿನ ಥರಾನೇ ಕಾಣೋ ಕಲ್ಲುಮೀನಿನ ಮುಳ್ಳು ಚುಚ್ಚಿದ್ರೆ ಬಿಸಿನೀರಲ್ಲಿ ಅದ್ದೋಕೆ ಸಾರ್. ತಡ್ಕೊಳ್ಳೋವಷ್ಟು ಬಿಸಿ, ನಲವತ್ತೈದು ಡಿಗ್ರಿ ದಾಟಬಾರ್ದು. ಹಾಗೇ ಆಸ್ಪತ್ರೆಗೆ ಓಡ್ಬೇಕು, ವಿಷ ಜೀವಾನೇ ತೆಗೀಬಹುದು. ನಾವು ಕಲಿಸೋ ಜಾಗದಲ್ಲೇ ಒಂದು ನೋಡ್ದೆ ಅಂತ ಅಪ್ಪ ನಿನ್ನೆ ಅಂದ್ರು. ನಿನ್ ಕಣ್ಣಿಗೆ ಕಂಡ ಕಲ್ಲೆಲ್ಲ ಮೀನೇ ಅಂತ ನಕ್ಕುಬಿಟ್ಟೆ."

"ಹಿತ್ತಲ ಗಿಡ ಮದ್ದಲ್ಲ, ಅಲ್ವಾ?" ಎಂದರು ಇನ್ಸ್‌ಪೆಕ್ಟರ್.

8.20ಕ್ಕೆ ಅಪ್ಪನ ಮನೆ. ಹಿಂದಿನ ಅಂಗಳದ ಹಗ್ಗಕ್ಕೆ ಹನ್ನೆರಡು ಮಾಸ್ಕ್‌ಗಳನ್ನೂ ಕ್ಲಿಪ್ ಹಾಕಿ ನೆರಳಲ್ಲಿ ನೇತುಹಾಕಲಾಗಿತ್ತು. ಮುದುಕ ಕುರ್ಚಿಯಿಂದೇಳದೆ ಎರಡೂ ಕೈ ಮುಂದೆ ಚಾಚಿದ.

"ಕದ್ದಿದ್ದು ನೀವೇನಾ?"

"ತೊಳೆದೂ ಇಟ್ಟಿದ್ದೀನಿ. ಒಂದೊಂದರಲ್ಲೂ ಪಾಚಿ!"

ಇನ್ಸ್‌ಪೆಕ್ಟರ್‌ಗೆ ನಗು ತಡೆಯುವುದು ಕಷ್ಟವಾಯಿತು. ಇಂಥ ಆರೋಪಿ ವರ್ಷಕ್ಕೊಬ್ಬ ಸಿಕ್ಕರೂ ಸಾಕಪ್ಪಾ ಎನ್ನಿಸಿತು.

8.50ಕ್ಕೆ ಪಾಠ ನಡೆಯುವ ಕಡಲಲ್ಲಿ ಸ್ಥಳ ಪರಿಶೀಲನೆ. ವಶಪಡಿಸಿಕೊಂಡ ಮಾಸ್ಕ್ ಒಂದನ್ನು ಮಗಳು ಹಾಕಿಕೊಂಡಾಗ ಕಾನ್‌ಸ್ಟೆಬಲ್ "ಸಾರ್, ಅದು ಮುದ್ದೆಮಾಲು!" ಎಂದು ಬಾಯಿ ಬಡಿದುಕೊಂಡ. ಅವಳು ತಳ ಮುಟ್ಟದೆ ತೇಲುತ್ತ, ಉದ್ದನೆಯ ಕೋಲಿನಿಂದ ಮರಳಿನ ನಡುವಿದ್ದ ಕಂದು ಕಲ್ಲೊಂದನ್ನು ಮೆಲ್ಲಗೆ ತಟ್ಟಿದಳು. ಕಲ್ಲಿನ ಬೆನ್ನ ಮೇಲೆ ಮುಳ್ಳುಗಳು ಸಾಲಾಗಿ ನಿಮಿರಿ ನಿಂತವು. ಅಂದಿನ ಪಾಠ ರದ್ದಾಯಿತು.

9.30ಕ್ಕೆ ದಸ್ತಗಿರಿ. ದೂರು ವಾಪಸ್ ತಗೋತೀನಿ ಎಂದು ಮಗಳು ಗೋಗರೆದಳು. ಎಫ್‌ಐಆರ್ ಆದ ಮೇಲೆ ಅದು ಕೋರ್ಟಿನ ಮಾತು, ಸದ್ಯಕ್ಕೆ ಠಾಣೆಯಲ್ಲೇ ಜಾಮೀನು ಕೊಡಬಲ್ಲೆ ಎಂದು ಇನ್ಸ್‌ಪೆಕ್ಟರ್ ಹೇಳಿಕೆ ಬರೆಯಲು ಕುಳಿತರು.

"ಕದಿಯೋದ್ಯಾಕೆ? ಗದರಿಸಿ ಹೇಳ್ಬಹುದಿತ್ತಲ್ಲ?"

"ಯಾವ ಬಾಯಲ್ಲಿ ಗದರಿಸ್ಲಿ ಸಾರ್? ಹೊಸಬರನ್ನ ನೀರಡಿಯ ಮರಳಲ್ಲಿ ಮಂಡಿಯೂರಿಸಿ ಪಾಠ ಶುರು ಮಾಡ್ತಾಳೆ. ಏನೂ ಮುಟ್ಟದೆ ತೇಲೋದು ಮೊದಲು ಕಲಿಸ್ಬೇಕು. ಅವಳಿಗೆ ಏಳು ವರ್ಷ ಇದ್ದಾಗ ಹಾಗೆ ಕೂರೋದು ಹೇಳ್ಕೊಟ್ಟ ಪೆದ್ದ ನಾನೇ." ಮುದುಕ ಕಣ್ಣೊರೆಸಿಕೊಂಡ. "ಅಲ್ಲಿ ಎಲ್ಲರಿಗಿಂತ ಮೊದಲು ಮಂಡಿಯೂರೋದು ಟೀಚರ್ ಸಾರ್."

ಇನ್ಸ್‌ಪೆಕ್ಟರ್ ಒಂದಕ್ಷರ ಬಿಡದೆ ಬರೆದುಕೊಂಡರು. ಮಗಳು ಜಾಮೀನಿಗೆ ಸಹಿ ಹಾಕಿದವಳೇ ಅಪ್ಪನ ಹೆಗಲಿಗೆ ಒರಗಿ ಅತ್ತುಬಿಟ್ಟಳು.