ಟೇಪಿನ ಇನ್ನೊಂದು ತುದಿ

ಅವಳು ಜಗಳಕ್ಕೆ ತಯಾರಾಗಿಯೇ ಬಾಗಿಲು ತೆಗೆದಳು. ಮನೆ ಕೊಳ್ಳಲು ಹೊರಟಿದ್ದ ಬೇಕರಿಯವನು ಮುಂಗೈಗೆ ಮೆತ್ತಿದ್ದ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದು ನಿಂತಿದ್ದ.

"ಹಿಂದಿನ ಗೋಡೆ ಅಳೆಯೋಕೆ ನೀವು ಬಿಡ್ತಿಲ್ಲವಂತೆ. ನಮ್ಮ ಲಾಯರ್ ಹೇಳಿದ್ರು."

"ಅಳೆಯೋದೇ ಬೇಡ ಅಂದಿದ್ದು ನೀವಂತೆ. ನಮ್ಮ ಲಾಯರ್ ಹೇಳಿದ್ರು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವನು ಅವನು.

ಕೊಳ್ಳುವವರು, ಮಾರುವವರು ನೇರವಾಗಿ ಮಾತಾಡಕೂಡದು, ಏನಿದ್ದರೂ ನಮ್ಮ ಮೂಲಕವೇ ಎಂದು ಎರಡೂ ಕಡೆಯ ಲಾಯರುಗಳು ತಾಕೀತು ಮಾಡಿದ್ದರು. ಅವನ ಲಾಯರು ಸದಾ ರಜೆಯ ಮೇಲೆ. ಅವಳ ಲಾಯರಮ್ಮ ಏನು ಕೇಳಿದರೂ "ನೋಡ್ತಾ ಇದೀವಿ" ಅನ್ನುತ್ತಿದ್ದರು. ಅವರು ಏನನ್ನು ನೋಡುತ್ತಿದ್ದರೋ ದೇವರೇ ಬಲ್ಲ.

ಮನೆ ಅವಳದು ಮತ್ತು ಅವಳ ಅಕ್ಕನದು. ಮುಂದಿನ ಕೋಣೆಯಲ್ಲಿ ಅವಳು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದಳು. ಈ ಮನೆ ಮಾರಿದರೆ ಅಕ್ಕ ಇರುವ ಊರಿನಲ್ಲಿ ಇಬ್ಬರೂ ಸೇರಿ ದೊಡ್ಡ ಅಂಗಡಿ ತೆರೆಯುವುದೆಂದು ಮಾತಾಗಿತ್ತು. ಅದೇ ಕೋಣೆಯಲ್ಲಿ ಒಂದು ದೊಡ್ಡ ಒಲೆ ಹಾಕಿಸಬೇಕೆಂಬುದು ಬೇಕರಿಯವನ ಆಸೆ.

ಅವಳು ತನ್ನ ಸ್ಟೀಲ್ ಟೇಪು ತಂದು, ಒಂದು ತುದಿಯನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿದಳು. ಟೇಪಿನ ಡಬ್ಬಿ ಅವನ ಕೈಯಲ್ಲಿತ್ತು.

"ಬಿಗಿಯಾಗಿ ಹಿಡೀರಿ, ಸಡಿಲ ಬಿಟ್ರೆ ಅಳತೆ ತಪ್ಪುತ್ತೆ."

"ನಾನು ಹಿಟ್ಟನ್ನೇ ಕಣ್ಣಳತೇಲಿ ಹಾಕೋನು."

"ಅದಕ್ಕೇ ನಿಮ್ಮ ಬನ್ನು ಒಂದೊಂದೂ ಒಂದೊಂದು ಸೈಜು."

ಅವನು ಜೋರಾಗಿ ನಕ್ಕ. ಆ ನಗುವಿಗೆ ಅವಳ ಬೆರಳು ಸಡಿಲವಾಗಿ, ಟೇಪು ಸರ್ರನೆ ಒಳಗೆ ಓಡಿ ಅವನ ಕೈಗೆ ಬಡಿಯಿತು. ಬೆರಳು ಬಾಯಿಗಿಟ್ಟುಕೊಂಡು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

ಗೋಡೆ ನಕ್ಷೆಯಲ್ಲಿದ್ದ ಜಾಗದಲ್ಲಿ ಇರಲಿಲ್ಲ. ಹಾಗಾಗಿ ತಮ್ಮದೇನೂ ತಕರಾರಿಲ್ಲವೆಂದು ಪಕ್ಕದ ಮನೆಯವರು ಸಹಿ ಹಾಕಿಕೊಡಬೇಕಾಯಿತು. ಅವರು ನಿವೃತ್ತ ಶಿಕ್ಷಕಿ, ಇಡೀ ಬೀದಿಗೆ ಟೀಚರಮ್ಮ. ಒಂದು ದಿನ ಕನ್ನಡಕ ಸಿಗುತ್ತಿಲ್ಲ ಎಂದರು, ಇನ್ನೊಂದು ದಿನ ಎರಡನೇ ಸಾಲಿನ ಒಂದು ಪದ ಸರಿಯಿಲ್ಲ ಎಂದರು. ತಿದ್ದಿದ ಪದ ಈ ಲಾಯರಿಂದ ಆ ಲಾಯರಿಗೆ ಹೋಗಿ ಬರುವಷ್ಟರಲ್ಲಿ ವಾರಗಳು ಉರುಳುತ್ತಿದ್ದವು.

ಅಷ್ಟು ದಿನವೂ ಬೇಕರಿಯವನು ಬರುತ್ತಲೇ ಇದ್ದ. ಒಮ್ಮೆ ಚಿಮಣಿಯ ಅಳತೆ, ಒಮ್ಮೆ ಬಾಗಿಲಿನದು, ಮತ್ತೊಮ್ಮೆ ಹೋದ ವಾರ ಅಳೆದಿದ್ದ ಗೋಡೆಯದ್ದೇ. ಬರುವಾಗ ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ಡು ತರುತ್ತಿದ್ದ. ಅಳತೆ ಓದಿದ ಮೇಲೂ ಡಬ್ಬಿ ಕೆಳಗಿಡುತ್ತಿರಲಿಲ್ಲ. ಅವನ ಎಡಹುಬ್ಬಿನ ಮೇಲೆ ಯಾವಾಗಲೂ ಚೂರು ಹಿಟ್ಟು ಇರುತ್ತಿತ್ತು. ಅದನ್ನು ಒರೆಸಲು ಅವಳ ಹೆಬ್ಬೆರಳು ತುಡಿಯುತ್ತಿತ್ತು, ಆದರೆ ಒರೆಸಲಿಲ್ಲ.

ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಟೀಚರಮ್ಮನ ಸಹಿ ಇನ್ನೂ ಆಗಿಲ್ಲ ಎಂದು ಲಾಯರಮ್ಮ ಫೋನು ಮಾಡಿದ ದಿನ ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡು, ಫೋನಿಟ್ಟ ಮೇಲೆ ಹಾಡು ಗುನುಗುತ್ತಾ ಗಾಜು ಕತ್ತರಿಸುತ್ತಿದ್ದಳು. ಅವನೆದುರು ಮಾತ್ರ ಬಿಗುಮಾನ. "ಈ ರಗಳೆ ಯಾವಾಗ ಮುಗಿಯುತ್ತೋ, ಸಾಕಾಗಿಹೋಗಿದೆ" ಎಂದಿದ್ದಳು ಒಂದು ಸಂಜೆ. ಅಷ್ಟು ಅವಸರ ಯಾಕೆ ಎಂದು ಅವನು ಕೇಳಲಿ ಎಂಬುದೇ ಅವಳ ಆಸೆಯಾಗಿತ್ತು.

ಅವನು ಕೇಳಲಿಲ್ಲ. ಮಾರನೇ ದಿನ ಟೀಚರಮ್ಮನ ಸಹಿ ಇದ್ದ ಕಾಗದ ಹಿಡಿದು ಬಂದ.

"ಇನ್ನು ನೀವು ಹೊರಡಬಹುದು" ಎಂದ.

ಒಲೆ ಹಾಕಿಸಲು ಇವನಿಗೆಷ್ಟು ಆತುರ ಎಂದುಕೊಂಡಳು. ಆದರೂ ನಕ್ಕಳು, ಯಾರಾದರೂ ನಂಬಬೇಕು ಹಾಗೆ ನಕ್ಕಳು. ದೊಡ್ಡ ಉಪಕಾರವಾಯಿತು ಎಂದಳು. ಅವನು ಅಂದು ಏನನ್ನೂ ಅಳೆಯದೆ ಹೊರಟುಹೋದ.

ಆಮೇಲೆ ಲಾಯರುಗಳಿಗೆ ಎಲ್ಲಿಲ್ಲದ ಹುರುಪು ಬಂತು. ನೋಂದಣಿ ಕಚೇರಿಯಲ್ಲಿ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತು ಎದ್ದು ಬಂದರು.

ಬೀಗದ ಕೈ ಒಪ್ಪಿಸುವ ದಿನ ಅವಳು ಟೀಚರಮ್ಮನಿಗೆ ಹೋಗಿಬರುತ್ತೇನೆಂದು ಹೇಳಲು ಹೋದಳು. ಅವರು ಮುಖ ಗಂಟಿಕ್ಕಿಕೊಂಡೇ ಮಾತಾಡಿಸಿದರು.

"ಒಂದು ಸಹಿ ಹಾಕೋಕೆ ನನಗೇನು ಕಷ್ಟ ಇತ್ತು? ಗೋಡೆ ಹತ್ರ ನೀವಿಬ್ರೂ ನಗೋದು ಇಲ್ಲಿಗೆ ಕೇಳಿಸ್ತಿತ್ತು. ನಡೀಲಿ ಪಾಪ ಅಂತ ಎಳೀತಿದ್ದೆ. ಅವನೇ ಬಂದು, ಅವರು ಹೋಗೋಕೆ ಒದ್ದಾಡ್ತಿದಾರೆ, ಸಹಿ ಹಾಕಿಬಿಡಿ ಅಂತ ಗೋಗರೆದ. ಅವನ ಮುಖ ನೋಡೋಕಾಗ್ತಿರಲಿಲ್ಲ."

ಅವಳು ವಾಪಸು ಓಡಿ ಬಂದಳು. ಹಿಂಬದಿಯ ಖಾಲಿ ಕೋಣೆಯಲ್ಲಿ ಬೇಕರಿಯವನು ಕಾಯುತ್ತಿದ್ದ.

"ನಿಮಗೆ ಮನೆ ಅಷ್ಟು ಬೇಗ ಬೇಕಿತ್ತಾ?"

"ನನಗಲ್ಲ. ನಿಮಗೆ ಹೋಗಬೇಕಿತ್ತಲ್ಲ."

"ನನಗೆ ಹೋಗೋ ಮನಸ್ಸೇ ಇರಲಿಲ್ಲ" ಎಂದಳು. "ಇರಿ ಅಂತ ನೀವೇ ಹೇಳ್ತೀರೇನೋ ಅಂತ ಕಾದೆ."

ಅವನು ಕಿಟಕಿಯ ಕಟ್ಟೆಯ ಮೇಲೆ ಕುಸಿದು ಕೂತ. ಸಹಿಯ ಕಾಗದ ತಂದ ದಿನ ಅವಳು ನಕ್ಕದ್ದನ್ನು ನೋಡಿ ಇವಳಿಗೆ ಖುಷಿಯಾಗಿದೆ ಎಂದುಕೊಂಡನಂತೆ. ಅವನ ಅತ್ತಿಗೆ ಒಂದು ಸಂಬಂಧ ತಂದು ತಿಂಗಳುಗಳಿಂದ ಕಾಡುತ್ತಿದ್ದರು. ಮನೆಗೆ ಹೋದವನೇ ಹೂಂ ಅಂದುಬಿಟ್ಟ.

"ಒಳ್ಳೆ ಹುಡುಗಿ. ಮಾತು ಕೊಟ್ಟಾಗಿದೆ" ಎಂದ, ತಲೆಯೆತ್ತದೆ.

ಅವಳಿಗೆ ಅಳು ಬಂತು. ಅಷ್ಟು ದಿನ ತಾನು ಬೈದಿದ್ದ ಲಾಯರುಗಳು ಕೊನೆಗೊಮ್ಮೆ ಇನ್ನಷ್ಟು ತಡಮಾಡಬಾರದಿತ್ತೇ ಅನ್ನಿಸಿತು. ಮಾತು ಮುರಿಯಿರಿ ಎನ್ನಲು ಬಾಯಿ ಬರಲಿಲ್ಲ. ಮುರಿಯುವವನಾಗಿದ್ದರೆ ಅವಳಿಗೆ ಅವನ ಮೇಲೆ ಮನಸ್ಸೂ ಆಗುತ್ತಿರಲಿಲ್ಲ.

ಬೀಗದ ಕೈಗಳನ್ನು ಅವನ ಅಂಗೈಯಲ್ಲಿಟ್ಟಳು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಮಾಡಿದ.

"ಈ ಗೋಡೆ ಒಂದು ಸಲ ಅಳೆಯೋಣವಾ?" ಎಂದ ಬೇಕರಿಯವನು.

ಅದನ್ನು ಎಷ್ಟು ಸಲ ಅಳೆದಿದ್ದರೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಚೀಲದಿಂದ ಟೇಪು ತೆಗೆದು ಡಬ್ಬಿಯನ್ನು ಅವನಿಗೆ ಕೊಟ್ಟು, ತುದಿ ಹಿಡಿದು ಮೂಲೆಗೆ ಹೋದಳು. ಅವನು ಅಂಕಿ ಓದಲೇ ಇಲ್ಲ.

"ಎಷ್ಟಾಯ್ತು?"

"ಮೊದಲಿನಷ್ಟೇ" ಎಂದ.

ಈಗ ಬಿಟ್ಟರೆ ಟೇಪು ಹೋಗಿ ಅವನ ಕೈಗೆ ಬಡಿಯುತ್ತಿತ್ತು. ಅವಳು ಬಿಡಲಿಲ್ಲ. ತುದಿ ಹಿಡಿದುಕೊಂಡೇ, ನಿಧಾನವಾಗಿ, ಅವನ ಎದುರಿಗೆ ಬರುವವರೆಗೂ ನಡೆದುಬಂದಳು. ಹೆಬ್ಬೆರಳಿಂದ ಅವನ ಹುಬ್ಬಿನ ಮೇಲಿದ್ದ ಹಿಟ್ಟನ್ನು ಒರೆಸಿದಳು.

"ಟೇಪು ಇಲ್ಲೇ ಇರಲಿ" ಎಂದಳು. "ಬಿಗಿಯಾಗಿ ಹಿಡಿಯೋದನ್ನ ಬರೋ ಹುಡುಗಿಗೂ ಹೇಳಿಕೊಡಿ."